ಪಟ್ಟಿಗೆ ಸೇರದ ತುರು

ಸಂಡೂರು ತಾಲ್ಲೂಕಿನ ಚೋರನೂರಿನಿಂದ ಮಹನೀಯರೊಬ್ಬರು ಬರೆದಿರುವ ಪತ್ರ ಈ ವಾರದ ಅಂಕಣಕ್ಕೆ ವಸ್ತುವಾಗಿದೆ. ಪತ್ರ ದೀರ್ಘವಾದುದು, ಅದರ ಸಾರಾಂಶವನ್ನಷ್ಟೇ ಇಲ್ಲಿ ಕೊಡುತ್ತೇನೆ. ಅವರ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಎಲ್ಲರೂ ಕುಳಿತು ಮೊಬೈಲಿನಲ್ಲಿ ಪದದಾಟ ಆಡುವ ವಾಡಿಕೆಯುಂಟು. ಪ್ರೌಢಶಾಲೆಯಲ್ಲಿ ಓದುತ್ತಿರುವ ಮಗಳು ಒಂದು ದಿನ ಎರಡು ಅಕ್ಷರದ ಸ್ಥಳದಲ್ಲಿ 'ತುರು' ಎಂದು ತುಂಬಿದಳಂತೆ. 'ಇಂಥ ಪದವಿಲ್ಲ' ಎಂದು ಆಟದ ಯಂತ್ರ ತಿರಸ್ಕರಿಸಿತು. 'ತುರಿ' ಎಂದು ಬದಲಿಸಿದಾಗ ಸಂತೋಷದಿಂದ ಒಪ್ಪಿಕೊಂಡಿತು. ಮಗಳು ಹಟಬಿಡದೆ ತನ್ನ ಪಾಠದ ಟಿಪ್ಪಣಿಯನ್ನು ತಂದು, 'ತುರು ಎಂದರೆ ಹಸು, ನಮ್ಮ ಗುರುಗಳೇ ಬರೆಸಿದ್ದಾರೆ' ಎಂದು ತೋರಿಸಿದಳು. ಮನೆಗೆ ಬಂದಿದ್ದ ನೆಂಟರೊಬ್ಬರು, 'ಎಲ್ಲಿಯೂ ಇಲ್ಲದ ತುರುವನ್ನು ಚೋರನೂರಿನವರು ಯಾರ ಕೊಟ್ಟಿಗೆಯಿಂದ ಕದ್ದು ತಂದಿರೋ!' ಎಂದು ನಕ್ಕುಬಿಟ್ಟರು. ಮನೆಮಂದಿಯೂ ನಕ್ಕರು. ಮಾರನೆಯ ದಿನ ತಂದೆ ನೋಡಿದರೆ, ಮಗಳು ತನ್ನ ಟಿಪ್ಪಣಿಯಲ್ಲಿದ್ದ ಆ ಮಾತನ್ನೇ ಹೊಡೆದುಹಾಕಿ ಅದರ ಮೇಲೆ 'ಹಸು' ಎಂದು ಬರೆದಿದ್ದಾಳೆ! 'ಯಂತ್ರ ಹೇಳುವುದು ಸರಿಯೋ, ಗುರುಗಳು ಬರೆಸಿದುದು ಸರಿಯೋ? ದಯವಿಟ್ಟು ತಿಳಿಸಬೇಕು' ಎಂಬುದು ತಂದೆಯ ಪ್ರಶ್ನೆ.

ಗುರುಗಳು ಬರೆಸಿದುದೇ ಸರಿ. ಇದಿಷ್ಟನ್ನೇ ಹೇಳಿ ಮುಗಿಸಬಹುದಾಗಿತ್ತು. ಆದರೆ ಒಂದು ಮಗು ತಾನು ಕಲಿತ ಸರಿಯಾದ ಮಾತನ್ನು ನಾಚಿಕೆಯಿಂದ ಹೊಡೆದುಹಾಕಿದೆ ಎಂದ ಮೇಲೆ ಒಂದು ವಾಕ್ಯದ ಉತ್ತರ ಸಾಲದು. ಆ ಮಾತಿನ ಮನೆತನವೇನು, ಅದು ಎಲ್ಲೆಲ್ಲಿ ಬಾಳಿ ಬಂದಿದೆ, ಈಗ ಏಕೆ ಬಾಗಿಲಲ್ಲಿ ನಿಂತಿದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಹಳಗನ್ನಡದಲ್ಲಿ ಇದರ ಬರವಣಿಗೆ 'ತುಱು'. ಇಲ್ಲಿರುವ ಎರಡನೆಯ ಅಕ್ಷರ ನಮ್ಮ ಇಂದಿನ ವರ್ಣಮಾಲೆಯಲ್ಲಿ ಮಕ್ಕಳಿಗೆ ಕಲಿಸುವ ರಕಾರವಲ್ಲ. ಇದಕ್ಕೆ ಶಕಟರೇಫೆ ಎಂದು ಹೆಸರು. ಶಕಟವೆಂದರೆ ಬಂಡಿ. ತೆಲುಗಿನಲ್ಲಿಯೂ ಇದೇ ಅಕ್ಷರವುಂಟು. ಅಲ್ಲಿಯವರು ಅದನ್ನು 'ಬಂಡಿ ಱ' ಎಂದೇ ಕರೆಯುತ್ತಾರೆ. ಪಂಡಿತರಿಗೆ ಶಕಟ, ಹಳ್ಳಿಯವರಿಗೆ ಬಂಡಿ. ಎರಡೂ ಒಂದೇ ಗಾಡಿ! ತಮಿಳಿನವರು ಈ ಅಕ್ಷರವನ್ನು ಇಂದಿಗೂ ಶಾಲೆಯಲ್ಲಿ ಕಲಿಸುತ್ತಾರೆ. ನಮ್ಮಲ್ಲಿ ಮಾತ್ರ ಅದರ ಉಚ್ಚಾರಣೆ ಸಾಮಾನ್ಯ ರಕಾರದೊಡನೆ ಬೆರೆತುಹೋಗಿ, ಬರವಣಿಗೆಯೂ ಕ್ರಮೇಣ ಕೈಬಿಟ್ಟಿತು.

ಅಕ್ಷರವೊಂದು ಹೋದರೆ ಹೋಯಿತು, ಬರೆಯುವ ಶ್ರಮ ಉಳಿಯಿತು ಎನ್ನುವವರುಂಟು. ಆ ಅಕ್ಷರ ಏನು ಕೆಲಸ ಮಾಡುತ್ತಿತ್ತೆಂಬುದನ್ನು ನೋಡಿದರೆ ಹಾಗೆನ್ನಲು ಮನಸ್ಸು ಬಾರದು. ಹಸುವಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. 'ಹಸುವನ್ನು ಕರೆ' ಎಂದು ಯಜಮಾನಿ ಮಗನಿಗೆ ಹೇಳಿದರೆ ಅವನು ಏನು ಮಾಡಬೇಕು? ಹೆಸರು ಹಿಡಿದು ಕೂಗಬೇಕೆ, ಚೆಂಬು ಹಿಡಿದು ಹಾಲು ಹಿಂಡಬೇಕೆ? ಹಳಗನ್ನಡದ ಹುಡುಗನಿಗೆ ಈ ಸಂಶಯ ಬರುತ್ತಿರಲಿಲ್ಲ. ಕೂಗುವುದು 'ಕರೆ', ಹಾಲು ಹಿಂಡುವುದು 'ಕಱೆ'. ಹಾಗೆಯೇ ಗಿಡದ ಬುಡದಲ್ಲಿರುವುದು ಬೇರು, ಮನೆ ಬಿಟ್ಟು ಹೋದವನು ಆಗುವುದು ಬೇಱೆ. ಮೂಱು, ಆಱು, ನೂಱು ಎಂಬ ಎಣಿಕೆಯ ಮಾತುಗಳಲ್ಲಿಯೂ ಇದ್ದುದು ಬಂಡಿಯ ಱಕಾರವೇ. ಎರಡು ರೇಫೆಗಳು ಒಂದಾದಾಗ ಇಂಥ ಎಷ್ಟೋ ಜೋಡಿಗಳು ಒಂದೇ ಮುಖ ಹೊತ್ತು ನಿಂತವು.

ಇನ್ನೊಂದು ಹಳೆಯ ಅಕ್ಷರ 'ೞ' ಇದಕ್ಕಿಂತಲೂ ಮುಂಚೆ ಕಾಲ್ತೆಗೆಯಿತು. ಹದಿಮೂರನೆಯ ಶತಮಾನದಲ್ಲಿ 'ಶಬ್ದಮಣಿದರ್ಪಣ'ವನ್ನು ರಚಿಸಿದ ಕೇಶಿರಾಜನ ಹೊತ್ತಿಗಾಗಲೇ ಯಾವ ಮಾತಿನಲ್ಲಿ ಳ, ಯಾವುದರಲ್ಲಿ ೞ ಎಂಬುದು ಜನಕ್ಕೆ ಮರೆಯುತ್ತ ಬಂದಿತ್ತು. ಆದುದರಿಂದಲೇ ಆತ ಅಂಥ ಮಾತುಗಳನ್ನು ಒಟ್ಟುಗೂಡಿಸಿ ಹೇಳಬೇಕಾಯಿತು. ಹೂವಿನಹಡಗಲಿಯ ಕಡೆಯ ಹೊಳಲು ಎಂಬ ಊರನ್ನು ಚೋರನೂರಿನವರು ಕೇಳಿಯೇ ಇರುತ್ತಾರೆ. ಪಟ್ಟಣವೆಂಬ ಅರ್ಥದ 'ಪೊೞಲ್' ಎಂಬ ಹಳೆಯ ಮಾತು ಅಂಥ ಊರುಗಳ ಹೆಸರಿನಲ್ಲಿ ಅಡಗಿ ಕುಳಿತಿದೆ. ಇಲ್ಲಿ ಒಂದು ತಮಾಷೆಯ ಸಂಗತಿ ನೆನಪಿಗೆ ಬರುತ್ತದೆ. ಜಗತ್ತಿನ ಎಲ್ಲ ಲಿಪಿಗಳನ್ನೂ ಗಣಕಯಂತ್ರಕ್ಕಾಗಿ ಕ್ರಮಗೊಳಿಸಿರುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಱ, ೞ ಎರಡಕ್ಕೂ ಸ್ಥಾನವಿದೆ. ಆದರೆ ೞಕಾರಕ್ಕೆ ಅಲ್ಲಿ ಕೊಟ್ಟಿರುವ ಹೆಸರು 'ಫ'! ಯಾರೋ ಎಂದೋ ಹಾಗೆ ನಮೂದಿಸಿದರು. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಕೂಡದೆಂಬುದು ಆ ವ್ಯವಸ್ಥೆಯ ನಿಯಮವಾದುದರಿಂದ, ಹೆಸರು ತಪ್ಪೆಂಬ ಷರಾ ಬರೆದು, ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಿ, ಹಳೆಯದನ್ನೂ ಹಾಗೆಯೇ ಉಳಿಸಿಕೊಂಡಿದ್ದಾರೆ. ಯಂತ್ರ ಹೇಳಿದುದೆಲ್ಲ ವೇದವಾಕ್ಯವೆಂದು ನಂಬುವ ನೆಂಟರಿಗೆ ಈ ಒಂದು ಸಂಗತಿಯನ್ನು ತಿಳಿಸಿದರೆ ಸಾಕು.

ಈಗ ತುರುವಿನ ಬಳಿಗೆ ಬರೋಣ. ತುಱು ಎಂದರೆ ಹಸು. ಹಸುಗಳ ಹಿಂಡೂ ಹೌದು. ಇದು ಅಚ್ಚಗನ್ನಡದ ಮಾತು, ದ್ರಾವಿಡ ಭಾಷೆಗಳ ಸೊತ್ತು. ತಮಿಳಿನಲ್ಲಿ ಇದರ ಸೋದರಿ 'ತೊಱು'; ತೆಲುಗಿನಲ್ಲಿ 'ತೊಱ್ಱು'. ಬಳ್ಳಾರಿಯ ಸೀಮೆಯಲ್ಲಿ ತೆಲುಗು ಯಾರಿಗೂ ಪರಕೀಯವಲ್ಲವಾದುದರಿಂದ ಈ ಸಂಬಂಧ ಅಲ್ಲಿಯವರಿಗೆ ಬೇಗ ಹೊಳೆಯಬಹುದು. ಮೂರು ಭಾಷೆಗಳ ಮನೆಯಲ್ಲಿಯೂ ಒಂದೇ ಮಾತು ಇದೆಯೆಂದರೆ, ಆ ಮನೆಗಳು ಬೇರೆಯಾಗುವುದಕ್ಕೆ ಮುಂಚೆಯೇ ಅದು ಅಂಗಳದಲ್ಲಿ ಕಟ್ಟಿತ್ತೆಂದು ಭಾಷಾಶಾಸ್ತ್ರಜ್ಞರು ಊಹಿಸುತ್ತಾರೆ.

ಇದಕ್ಕೆ ಪ್ರತಿಯಾಗಿ, ಮಗಳು ತಿದ್ದಿ ಬರೆದ 'ಹಸು' ಯಾರು? ಅದು ಸಂಸ್ಕೃತದ 'ಪಶು'. ಕನ್ನಡಕ್ಕೆ ಬಂದು ಮೊದಲು 'ಪಸು'ವಾಗಿ, ಬಳಿಕ ಪಕಾರ ಹಕಾರವಾಗಿ 'ಹಸು' ಎನ್ನಿಸಿಕೊಂಡಿತು. ಹತ್ತನೆಯ ಶತಮಾನದಿಂದ ಈಚೆಗೆ ನಮ್ಮ ನುಡಿಯಲ್ಲಿ ಮೊದಲಕ್ಷರದ ಪಕಾರಗಳೆಲ್ಲ ಒಂದೊಂದಾಗಿ ಹಕಾರಕ್ಕೆ ತಿರುಗಿದುವು. ಪಾಲು ಹಾಲಾಯಿತು, ಪೂ ಹೂವಾಯಿತು, ಪೊಸತು ಹೊಸತಾಯಿತು. ಚೋರನೂರಿನವರ ನೆರೆಯಲ್ಲೇ ಇದಕ್ಕೆ ದೊಡ್ಡ ಸಾಕ್ಷಿಯಿದೆ. 'ಪಂಪಾ' ಎಂಬುದೇ 'ಹಂಪೆ'ಯಾಗಿರುವುದು. ಹಂಪೆಯ ಬೀದಿಯಲ್ಲಿ ಹಸು ನಿಂತಿದ್ದರೆ, ಊರೂ ಹಸುವೂ ಒಂದೇ ಗಾಳಿಗೆ ಬದಲಾದ ಹೆಸರಿನವು ಎಂದು ತಿಳಿಯಬಹುದು.

ದನದ ವಿಷಯವೂ ಹೀಗೆಯೇ. ಸಂಸ್ಕೃತದ 'ಧನ' ಕನ್ನಡಿಗನ ಬಾಯಲ್ಲಿ ಮಹಾಪ್ರಾಣವನ್ನು ಕಳೆದುಕೊಂಡು 'ದನ'ವಾಯಿತು. ಒಕ್ಕಲಿಗನಿಗೆ ಇದ್ದ ಧನವೆಲ್ಲ ಕೊಟ್ಟಿಗೆಯಲ್ಲೇ ಇದ್ದ ಕಾಲದಲ್ಲಿ ಈ ಅರ್ಥ ಹುಟ್ಟಿರಬೇಕು. ಇದು ನಮ್ಮಲ್ಲಿ ಮಾತ್ರವಲ್ಲ. ಪ್ರಾಚೀನ ರೋಮನರ ಲ್ಯಾಟಿನ್ ಭಾಷೆಯಲ್ಲಿ ಹಣಕ್ಕೆ 'ಪೆಕೂನಿಯ' ಎನ್ನುತ್ತಿದ್ದರು. ಅದು ಬಂದುದು 'ಪೆಕು', ಎಂದರೆ ದನ, ಎಂಬ ಮಾತಿನಿಂದ. ಆ ಪೆಕುವೂ ನಮ್ಮ ಪಶುವೂ ದೂರದ ಅಣ್ಣತಮ್ಮಂದಿರು. ವಿದ್ವಾಂಸರ ಬಾಯಲ್ಲಿ ಓಡಾಡುವ ಕೆಲವು ಗಂಭೀರ ಶಬ್ದಗಳ ಬಾಲಕ್ಕೂ ಸಗಣಿ ಮೆತ್ತಿಕೊಂಡಿದೆ. 'ಗೋಷ್ಠಿ' ಎಂಬುದು 'ಗೋಷ್ಠ'ದಿಂದ, ದನಗಳು ನಿಲ್ಲುವ ತಾಣದಿಂದ, ಬಂದುದು. ಸಂಶೋಧನೆಗೆ ಹೇಳುವ 'ಗವೇಷಣೆ' ಮೊದಲು ತಪ್ಪಿಸಿಕೊಂಡ ಗೋವನ್ನು ಹುಡುಕುವ ಕೆಲಸವಾಗಿತ್ತು. ನಮ್ಮ ಕಾಲೇಜಿನಲ್ಲಿ ವಿಚಾರಗೋಷ್ಠಿ ನಡೆದಾಗಲೆಲ್ಲ ನನಗೆ ಇದು ನೆನಪಾಗಿ ನಗೆ ತಡೆಯುವುದು ಕಷ್ಟವಾಗುತ್ತದೆ.

ಹೀಗೆ ಹಸುವೂ ದನವೂ ಗೋವೂ ಸಂಸ್ಕೃತದಿಂದ ಬಂದ ಅತಿಥಿಗಳು. ಬಂದವರನ್ನು ನಾವು ಆದರದಿಂದ ಕಂಡು ಮನೆಯವರನ್ನಾಗಿ ಮಾಡಿಕೊಂಡೆವು. ಅದರಲ್ಲಿ ತಪ್ಪೇನೂ ಇಲ್ಲ. ಮನೆಯ ಮಕ್ಕಳೆಂದರೆ 'ಆ', 'ಆವು', 'ಆಕಳು' ಮತ್ತು 'ತುರು'. ಇವರಲ್ಲಿ ಆಕಳು ಬಳ್ಳಾರಿಯಿಂದ ಧಾರವಾಡದವರೆಗೆ ಇಂದಿಗೂ ಹಟ್ಟಿಯ ಒಡತಿಯಾಗಿದೆ. ತುರುವಿಗೆ ಆ ಭಾಗ್ಯ ಒದಗಲಿಲ್ಲ.

ಆದರೆ ಒಂದು ಕಾಲದಲ್ಲಿ ಈ ಒಂದು ಮಾತಿಗಾಗಿ ಜನ ಪ್ರಾಣ ಕೊಟ್ಟರು. ನಾನು ಅಲಂಕಾರಕ್ಕಾಗಿ ಹೀಗೆ ಹೇಳುತ್ತಿಲ್ಲ. ಕರ್ನಾಟಕದ ಹಳ್ಳಿಗಳಲ್ಲಿ, ಊರ ಹೊರಗೆ, ಕೆರೆಯ ಏರಿಯ ಮೇಲೆ, ಗುಡಿಯ ಮುಂದೆ ನಿಂತಿರುವ ವೀರಗಲ್ಲುಗಳನ್ನು ವಾಚಕರು ನೋಡಿಯೇ ಇರುತ್ತಾರೆ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ. ನಡುವೆ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವ ದೃಶ್ಯ. ಮೇಲೆ ಶಿವಲಿಂಗದ ಇಲ್ಲವೆ ಬೇರೆ ದೇವರ ಸನ್ನಿಧಿ. ಕೆಲವು ಕಲ್ಲುಗಳಲ್ಲಿ ಕಾದಾಟದ ಪಕ್ಕದಲ್ಲಿ ಸಾಲಾಗಿ ಹಸುಗಳನ್ನು ಕಂಡರಿಸಿರುತ್ತಾರೆ. ಅಂಥಲ್ಲಿ ಬರಹವಿದ್ದರೆ ಅದರಲ್ಲಿ 'ತುಱು' ಎಂಬ ಮಾತು ಇರುವ ಸಂಭವ ಹೆಚ್ಚು. ಶತ್ರುಗಳು ಬಂದು ಊರ ಹಿಂಡನ್ನು ಹೊಡೆದುಕೊಂಡು ಹೋಗುವುದಕ್ಕೆ 'ತುಱುಗೋಳ್' ಎಂದು ಹೆಸರು. 'ಕೆಡು' ಎಂಬ ಕ್ರಿಯೆಯಿಂದ 'ಕೇಡು' ಬಂದಂತೆ, 'ಕೊಳ್' ಎಂಬುದರಿಂದ 'ಕೋಳ್' ಬಂದಿದೆ, ಎಂದರೆ ವಶಪಡಿಸಿಕೊಳ್ಳುವುದು. ಶಾಸನಗಳನ್ನು ಓದುವವರು ವೀರಗಲ್ಲುಗಳನ್ನು ವಿಂಗಡಿಸುವಾಗ ಇದನ್ನೊಂದು ಪ್ರತ್ಯೇಕ ವರ್ಗವಾಗಿಯೇ ಎಣಿಸುತ್ತಾರೆ. 'ಊರೞಿವು', ಎಂದರೆ ಊರನ್ನು ಹಾಳುಗೆಡವುವುದು, ಮತ್ತು 'ಪೆಣ್ಬುಯ್ಯಲ್', ಎಂದರೆ ಹೆಂಗಸರ ಮೊರೆ, ಅದರ ಜೊತೆಯ ಬೇರೆ ವರ್ಗಗಳು.

ಸತ್ತವನು ಯಾರು? ಬಹುಮಟ್ಟಿಗೆ ರಾಜನಲ್ಲ, ದಂಡನಾಯಕನಲ್ಲ. ಊರಿನ ಯಾವನೋ ಒಬ್ಬ. ಹಿಂಡು ಹೋದರೆ ಹಾಲಿಲ್ಲ, ಉಳಲು ಎತ್ತಿಲ್ಲ, ಗದ್ದೆಗೆ ಗೊಬ್ಬರವಿಲ್ಲ. ಮುಂದಿನ ವರ್ಷ ಊರೇ ಇಲ್ಲ. ಆದುದರಿಂದ ಅವನು ಬೆನ್ನಟ್ಟಿದ, ತುರುವನ್ನು ಮರಳಿಸಿದ, ತಾನು ಮರಳಲಿಲ್ಲ. ಊರಿನವರು ಕಲ್ಲು ನಿಲ್ಲಿಸಿದರು. ಅವನ ಮನೆಯವರ ಜೀವನಕ್ಕೆಂದು ಭೂಮಿ ಬಿಡುತ್ತಿದ್ದುದೂ ಉಂಟು. 'ನೆತ್ತರುಕೊಡಗೆ' ಎಂಬುದು ಅಂಥ ದತ್ತಿಯ ಹೆಸರು. ನೆತ್ತರು ಸುರಿಸಿದುದಕ್ಕೆ ಕೊಟ್ಟ ಕೊಡುಗೆ. ನಮ್ಮ ಹಿರಿಯರು ಕಡತಗಳಿಗೆ ಎಂಥ ಹೆಸರಿಡುತ್ತಿದ್ದರು ನೋಡಿ!

ತಮಿಳುನಾಡಿನ ಚೆಂಗಂ ಸುತ್ತಮುತ್ತ ದೊರೆತಿರುವ ಪ್ರಾಚೀನ ವೀರಗಲ್ಲುಗಳಲ್ಲಿಯೂ ಇದೇ ಕತೆ, ಇದೇ ಮಾತು. ಅಲ್ಲಿ ಅದು 'ತೊಱು'. ತಮಿಳರ ಹಳೆಯ ಕಾವ್ಯಶಾಸ್ತ್ರವಂತೂ ದನ ಹಿಡಿಯುವುದಕ್ಕೆ 'ವೆಟ್ಚಿ' ಎಂದೂ, ಹಿಡಿದುದನ್ನು ಬಿಡಿಸಿಕೊಂಡು ಬರುವುದಕ್ಕೆ 'ಕರಂದೈ' ಎಂದೂ ಎರಡು ಹೂಗಳ ಹೆಸರನ್ನಿಟ್ಟು ಯುದ್ಧದ ವಿಭಾಗಗಳನ್ನೇ ಮಾಡಿದೆ. ಸಾವಿರಾರು ಮೈಲಿ ಆಚೆ, ಐರ್ಲೆಂಡಿನ ಜನರ ಅತಿ ಪ್ರಸಿದ್ಧವಾದ ಪ್ರಾಚೀನ ವೀರಕಥೆಯ ವಸ್ತುವೂ ದನ ಹೊಡೆದುಕೊಂಡು ಹೋಗುವುದೇ. ಒಂದು ಹೋರಿಯ ಸಲುವಾಗಿ ಅಲ್ಲಿ ಎರಡು ಸೀಮೆಗಳ ಜನ ಬಡಿದಾಡುತ್ತಾರೆ.

ನಮ್ಮಲ್ಲಿ ಈ ವಸ್ತುವಿಗೆ ಮಹಾಭಾರತದ ವಿರಾಟಪರ್ವವೇ ಇದೆ. ವಿರಾಟನ ಗೋವುಗಳನ್ನು ಸುಶರ್ಮನು ಒಂದು ಕಡೆಯಿಂದಲೂ ಕೌರವರು ಇನ್ನೊಂದು ಕಡೆಯಿಂದಲೂ ಹಿಡಿಯುತ್ತಾರೆ; ಉತ್ತರಕುಮಾರನ ಪೌರುಷ ಹೆಂಗಸರ ಮುಂದೆ ಮೆರೆದು ರಣದಲ್ಲಿ ಕರಗುತ್ತದೆ; ಬೃಹನ್ನಳೆ ಬಿಲ್ಲು ಹಿಡಿಯುತ್ತಾಳೆ. ಗದುಗಿನ ಕುಮಾರವ್ಯಾಸ ಈ ಭಾಗವನ್ನು ಹೇಳುವಾಗ ತುರು ಎಂಬ ಮಾತನ್ನು ಧಾರಾಳವಾಗಿ ಬಳಸಿದ್ದಾನೆ. ಮಳೆ ತಡವಾದರೆ ಊರಿನಲ್ಲಿ ವಿರಾಟಪರ್ವವನ್ನು ಓದಿಸುವ ಸಂಪ್ರದಾಯ ಕನ್ನಡನಾಡಿನಲ್ಲಿ ಬಹುಕಾಲ ನಡೆದು ಬಂದಿದೆ. ಅಕ್ಷರ ಬಾರದ ರೈತನೂ ಗುಡಿಯ ಕಟ್ಟೆಯ ಮೇಲೆ ಕುಳಿತು, ಮೋಡವನ್ನೊಮ್ಮೆ ಗಮಕಿಯನ್ನೊಮ್ಮೆ ನೋಡುತ್ತ, ತುರುವಿನ ಕತೆಯನ್ನು ಕೇಳಿದ್ದಾನೆ. ಅವನಿಗೆ ನಿಘಂಟು ಬೇಕಾಗಲಿಲ್ಲ.

ಶರಣರಲ್ಲಿ ಒಬ್ಬರ ಹೆಸರೇ ತುರುಗಾಹಿ ರಾಮಣ್ಣ. 'ಕಾಹಿ' ಎಂದರೆ ಕಾಯುವವನು; ತುರುಗಾಹಿ ಎಂದರೆ ದನ ಕಾಯುವವನು. ಆತನ ವಚನಗಳ ಅಂಕಿತದಲ್ಲಿ 'ಗೋಪತಿನಾಥ' ಎಂಬ ಮಾತಿದೆ. ಕಸುಬಿನ ಹೆಸರು ಅಚ್ಚಗನ್ನಡದಲ್ಲಿ, ದೇವರ ಹೆಸರು ಸಂಸ್ಕೃತದಲ್ಲಿ, ಎರಡರಲ್ಲೂ ಹಸು! ವಚನಗಳು ಉಳಿದಿರುವವರೆಗೆ ಈ ಹೆಸರನ್ನು ಯಾವ ಯಂತ್ರವೂ ಅಳಿಸಲಾರದು. ತುರುವೇಕೆರೆ, ತುರುವನೂರು ಮುಂತಾದ ಊರುಗಳ ಹೆಸರಿನಲ್ಲಿರುವುದೂ ಈ ತುರುವೇ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಭಿಪ್ರಾಯ. ತುರುವೇಕೆರೆಯ ಬಸ್ಸಿನ ಫಲಕವನ್ನು ಓದುವವರು ದಿನವೂ ಅದನ್ನು ಉಚ್ಚರಿಸುತ್ತಲೇ ಇದ್ದಾರೆ.

ಹಾಗಾದರೆ ಇಷ್ಟು ಕುಲೀನವಾದ ಮಾತು ಬಳಕೆ ತಪ್ಪಿದುದೇಕೆ? ನನ್ನ ಎಣಿಕೆ ಹೀಗಿದೆ. ಮೊದಲನೆಯದಾಗಿ, ಱಕಾರ ಹೋದ ಮೇಲೆ ತುರುವಿನ ಸುತ್ತ ತುರಿ, ತುರುಕು, ತುರುಬು, ತುರಿಕೆ ಎಂಬ ಗದ್ದಲದ ನೆರೆಹೊರೆ ಬಹಳವಾಯಿತು. ಅದಕ್ಕಿಂತ ಮುಖ್ಯವಾದುದು, ತುರು ಎಂಬುದು ಒಂದೊಂದೇ ಹಸುವಿಗಿಂತ ಹೆಚ್ಚಾಗಿ ಹಿಂಡಿಗೆ ಸಲ್ಲುತ್ತಿದ್ದ ಮಾತು. ಹಿಂಡನ್ನು ಹೊಡೆದುಕೊಂಡು ಹೋಗುವ ಕಾಲ ಮುಗಿಯಿತು. ಒಟ್ಟಾರೆ ಹಿಂಡಿಗೆ 'ದನ' ಎಂಬ ಮಾತು ಬಂದು ಕುಳಿತಿತು. ಒಂದೊಂದಕ್ಕೆ ಹಸುವೋ ಆಕಳೋ ಸಾಕಾಯಿತು. ಕೆಲಸವಿಲ್ಲದ ಮಾತು ಕಾವ್ಯದಲ್ಲಿ ಪಿಂಚಣಿ ತೆಗೆದುಕೊಂಡು ಕುಳಿತಿತು.

ಪದಬಂಧ ಮಾಡುವವರ ಪಕ್ಷವನ್ನೂ ಸ್ವಲ್ಪ ಕೇಳಬೇಕು. ಅವರ ಕೆಲಸ ಸುಲಭವಲ್ಲ. ೧೯೧೩ರ ಡಿಸೆಂಬರ್ ೨೧ರಂದು ಆರ್ಥರ್ ವಿನ್ ಎಂಬ ಪತ್ರಕರ್ತ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಮೊದಲ ಪದಬಂಧವನ್ನು ಅಚ್ಚುಹಾಕಿದಾಗ, ಒಂದು ಮನೆಗೆ ಒಂದು ಅಕ್ಷರ ಎಂಬ ನಿಯಮ ಇಂಗ್ಲಿಷಿಗೆ ಸಲೀಸಾಗಿ ಹೊಂದಿತು. ಕನ್ನಡದಲ್ಲಿ ಒಂದು ಮನೆಯಲ್ಲಿ ಕೂರುವುದು ಸ್ವರವನ್ನೂ ಒತ್ತನ್ನೂ ಹೊತ್ತ ಇಡೀ ಅಕ್ಷರ. 'ಶಾಸ್ತ್ರ' ಎಂಬಷ್ಟು ಭಾರದ ಮಾತಿಗೂ ಎರಡೇ ಮನೆ. 'ತುರು'ವಿಗೂ ಎರಡೇ ಮನೆ. ಅಡ್ಡಸಾಲಿನಲ್ಲಿ 'ರು' ಬಂದರೆ ಅದೇ 'ರು' ಕೆಳಸಾಲಿಗೂ ಒದಗಬೇಕು. 'ರ' ಆದರೂ ಆಗದು, 'ರೂ' ಆದರೂ ಆಗದು. ಇಂಥ ಇಕ್ಕಟ್ಟಿನಲ್ಲಿ ಕಟ್ಟುವವನು ಹತ್ತು ಜನಕ್ಕೆ ತಿಳಿದ ಮಾತನ್ನೇ ಆರಿಸಿಕೊಂಡರೆ ಅವನನ್ನು ದೂರುವಂತಿಲ್ಲ. ಬೇಸರ ಕಳೆಯಲು ಪೆನ್ಸಿಲು ಹಿಡಿದ ಗೃಹಿಣಿಗೆ ಶಾಸನದ ಮಾತುಗಳನ್ನು ಕೊಟ್ಟು ಪೀಡಿಸುವುದು ನ್ಯಾಯವಲ್ಲ.

ಮೊಬೈಲಿನ ಆಟಗಳ ಸಂಗತಿ ಸ್ವಲ್ಪ ಬೇರೆ. ಅಲ್ಲಿ ತೀರ್ಪು ಕೊಡುವುದು ಮನುಷ್ಯನಲ್ಲ, ಮೊದಲೇ ತುಂಬಿಟ್ಟ ಒಂದು ಪಟ್ಟಿ. ಪಟ್ಟಿಯಲ್ಲಿದ್ದರೆ ಪದ, ಇಲ್ಲದಿದ್ದರೆ ಅಪದ. ಆ ಪಟ್ಟಿ ಹೇಗೆ ಹುಟ್ಟುತ್ತದೆಂಬುದಕ್ಕೆ ಒಂದು ನಿದರ್ಶನವನ್ನು ಹೇಳುತ್ತೇನೆ. ೨೦೨೧ರ ಕೊನೆಯಲ್ಲಿ ಜಾಷ್ ವಾರ್ಡಲ್ ಎಂಬುವರು ಹೊರತಂದ 'ವರ್ಡಲ್' ಎಂಬ ಇಂಗ್ಲಿಷ್ ಆಟ ಕೆಲವೇ ತಿಂಗಳಲ್ಲಿ ಲೋಕವನ್ನೆಲ್ಲ ಹಿಡಿಯಿತು; ಅನಂತರ ಬೇರೆ ಬೇರೆ ಭಾಷೆಗಳಲ್ಲಿ ಅದರ ಅನುಕರಣೆಗಳು ಹುಟ್ಟಿದವು, ಕನ್ನಡದಲ್ಲಿಯೂ ಬಂದವು. ಇಂಗ್ಲಿಷಿನಲ್ಲಿ ಐದಕ್ಷರದ ಮಾತುಗಳು ಸುಮಾರು ೧೨,೦೦೦ ಇದ್ದುವಂತೆ. ವಾರ್ಡಲ್ಲರ ಸಂಗಾತಿ ಅವನ್ನೆಲ್ಲ ನೋಡಿ, ತಮಗೆ ತಿಳಿದವು ಯಾವುವು, ತಿಳಿಯದವು ಯಾವುವು ಎಂದು ಗುರುತು ಹಾಕಿ, ಸುಮಾರು ೨,೫೦೦ ಮಾತುಗಳನ್ನು ಉತ್ತರಗಳಿಗಾಗಿ ಉಳಿಸಿದರು. ಆಟಕ್ಕೆ ಇದು ಒಳ್ಳೆಯ ಉಪಾಯವೇ. ಒಂದು ಮನೆಯವರಿಗೆ ಪರಿಚಯವಿದ್ದ ಮಾತುಗಳು ಲೋಕದ ಆಟವಾದವು ಎಂಬುದನ್ನು ಮಾತ್ರ ನಾವು ಮರೆಯಬಾರದು. ಚೋರನೂರಿನ ಮನೆಯಲ್ಲಿ ಪಟ್ಟಿ ತಯಾರಾಗಿದ್ದರೆ ಬೇರೆ ಮಾತುಗಳು ಒಳಗಾಗುತ್ತಿದ್ದವು, ಬೇರೆ ಮಾತುಗಳು ಹೊರಗುಳಿಯುತ್ತಿದ್ದವು.

ಈ 'ಪಟ್ಟಿ' ಎಂಬ ಮಾತಿನಲ್ಲಿಯೇ ಒಂದು ಸ್ವಾರಸ್ಯವಿದೆ. ಹಳಗನ್ನಡದಲ್ಲಿ 'ಪಟ್ಟಿ' ಎಂದರೆ ದನಗಳನ್ನು ಕೂಡುವ ದೊಡ್ಡಿ. ಪಕಾರ ಹಕಾರವಾಗಿ ಅದೇ ಇಂದಿನ 'ಹಟ್ಟಿ'. ಹೆಸರುಗಳ ಯಾದಿ ಎಂಬ ಅರ್ಥದ ಪಟ್ಟಿ ಬೇರೆ ಮೂಲದ್ದು. ಆದರೂ ತುರುವಿಗೆ ಪಟ್ಟಿಯಲ್ಲಿ ಜಾಗವಿಲ್ಲವೆಂದು ಯಂತ್ರ ಹೇಳುವುದನ್ನು ಕೇಳಿದರೆ ಹಳೆಯ ತುರುಗಾಹಿ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದ.

ನನ್ನ ತಕರಾರು ಒಂದೇ. ಯಂತ್ರ 'ಈ ಪದ ನಮ್ಮ ಪಟ್ಟಿಯಲ್ಲಿಲ್ಲ' ಎಂದು ಹೇಳಲಿ. ಅದು ನಿಜವಾದ ಮಾತು, ಅದರಿಂದ ಯಾರಿಗೂ ನೋವಿಲ್ಲ. 'ಇಂಥ ಪದವಿಲ್ಲ' ಎನ್ನುವ ಅಧಿಕಾರ ಅದಕ್ಕಿಲ್ಲ. ಆಟವನ್ನು ರಚಿಸುವ ತರುಣರು ಈ ಒಂದು ವಾಕ್ಯವನ್ನು ತಿದ್ದಿದರೆ ಅವರಿಗೆ ಖರ್ಚೇನೂ ಇಲ್ಲ. ಒಂದು ಮಗು ತನ್ನ ಟಿಪ್ಪಣಿಯನ್ನು ಹೊಡೆದುಹಾಕುವುದು ತಪ್ಪುತ್ತದೆ.

ಸಂಶಯ ಬಂದಾಗ ಎಲ್ಲಿ ನೋಡಬೇಕೆಂದು ಪತ್ರ ಬರೆದವರು ಕೇಳಿದ್ದಾರೆ. ಜರ್ಮನಿಯಿಂದ ಬಂದು ಕನ್ನಡವನ್ನು ಕಲಿತು ತಮ್ಮ ಆಯುಷ್ಯದ ಬಹುಭಾಗವನ್ನು ಅದಕ್ಕೇ ಸವೆಸಿದ ಫರ್ಡಿನೆಂಡ್ ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು ೭೦,೦೦೦ ಮಾತುಗಳುಳ್ಳ ಆ ಗ್ರಂಥ ಶಕಟರೇಫೆಯನ್ನೂ ೞಕಾರವನ್ನೂ ಗುರುತಿಸಿ ಕೊಡುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ 'ಕನ್ನಡ ನಿಘಂಟು' ಎಂಟು ಸಂಪುಟಗಳಲ್ಲಿ ಬಂದಿದೆ. ಮೊದಲನೆಯದು ೧೯೭೦ರಲ್ಲಿ, ಎಂಟನೆಯದು ೧೯೯೫ರಲ್ಲಿ. ಮಾತಿನ ಅರ್ಥದೊಡನೆ ಕಾವ್ಯ, ಶಾಸನಗಳ ಪ್ರಯೋಗಗಳನ್ನೂ ಕೊಡುವುದು ಅದರ ಹಿರಿಮೆ. ಆ ನಿಘಂಟಿಗಾಗಿ ದುಡಿದ ಜಿ. ವೆಂಕಟಸುಬ್ಬಯ್ಯನವರು ಮುಂದೆ 'ಪ್ರಜಾವಾಣಿ'ಯಲ್ಲಿ 'ಇಗೋ ಕನ್ನಡ' ಎಂಬ ಅಂಕಣದ ಮೂಲಕ ಓದುಗರ ಇಂಥ ಸಂಶಯಗಳಿಗೆ ವರ್ಷಗಟ್ಟಲೆ ಉತ್ತರ ಕೊಟ್ಟರು. ಶಾಸನಗಳನ್ನೇ ನೋಡುವ ಆಸೆಯಿದ್ದರೆ ಬಳ್ಳಾರಿ ಸೀಮೆಯವರು ರೈಸ್ ಸಾಹೇಬರ ಸಂಪುಟಗಳನ್ನು ಹುಡುಕಿ ದಣಿಯಬೇಕಾಗಿಲ್ಲ. ಅವು ಹಳೆಯ ಮೈಸೂರು ಸೀಮೆಗೆ ಸಂಬಂಧಿಸಿದುವು. ಬಳ್ಳಾರಿ ೧೯೫೩ರ ಅಕ್ಟೋಬರ್ ೧ರವರೆಗೆ ಮದ್ರಾಸಿಗೆ ಸೇರಿದ್ದಿತಾಗಿ, ಅಲ್ಲಿಯ ಕನ್ನಡ ಶಾಸನಗಳು ದಕ್ಷಿಣ ಭಾರತ ಶಾಸನಗಳ ಒಂಬತ್ತನೆಯ ಸಂಪುಟದಲ್ಲಿ ದೊರೆಯುತ್ತವೆ. ೧೯೯೧ರಲ್ಲಿ ಸ್ಥಾಪಿತವಾದ ಹಂಪೆಯ ಕನ್ನಡ ವಿಶ್ವವಿದ್ಯಾಲಯವೂ ಚೋರನೂರಿಗೆ ದೂರವಲ್ಲ; ಮಗಳಿಗೆ ರಜೆಯಿರುವಾಗ ಒಮ್ಮೆ ಕರೆದುಕೊಂಡು ಹೋಗಬಹುದು.

ನೆಂಟರ ಕುಚೋದ್ಯದ ಬಗ್ಗೆ ಒಂದು ಮಾತು. ಊರಿನ ಹೆಸರಿನಲ್ಲಿ 'ಚೋರ' ಎಂದು ಕೇಳಿಸಿದ ಮಾತ್ರಕ್ಕೆ ಊರಿನವರ ಮೇಲೆ ಕಳ್ಳತನ ಹೊರಿಸುವುದು ಶಬ್ದಶಾಸ್ತ್ರವಲ್ಲ. ಊರ ಹೆಸರಿನ ಅರ್ಥವನ್ನು ಇಂದಿನ ಉಚ್ಚಾರಣೆಯಿಂದ ತೆಗೆಯಹೋದರೆ ಎಂಥ ಫಜೀತಿಯಾಗುತ್ತದೆಂಬುದಕ್ಕೆ ನಮ್ಮ ರಾಜಧಾನಿಯೇ ನಿದರ್ಶನ. ಹೊಯ್ಸಳರ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂಗಳೂರು ಎಂದಾಯಿತು ಎಂಬ ಕತೆಯನ್ನು ಯಾರು ಕೇಳಿಲ್ಲ? ಬೇಗೂರಿನಲ್ಲಿ ದೊರೆತ, ಸುಮಾರು ಕ್ರಿ. ಶ. ೮೯೦ರ ಗಂಗರ ಕಾಲದ ವೀರಗಲ್ಲೊಂದರಲ್ಲಿ ಬೆಂಗಳೂರಿನ ಕಾಳಗದ ಪ್ರಸ್ತಾಪವಿದೆ. ಬಲ್ಲಾಳ ಹುಟ್ಟುವುದಕ್ಕೆ ಇನ್ನೂರು ವರ್ಷಕ್ಕಿಂತ ಮುಂಚೆಯೇ ಊರಿಗೆ ಹೆಸರಿತ್ತು. ಕಾಳು ಬೇಯುವುದು ಬಹಳ ತಡವಾಯಿತು! ಬೆಂಗಳೂರಿ‌ಗೆ ಸಂದ ನ್ಯಾಯ ಚೋರನೂರಿಗೂ ಸಲ್ಲಲಿ. ನೆಂಟರು ಮತ್ತೆ ಬಂದಾಗ ತುರುಗೋಳಿನ ಕತೆಯನ್ನು ಮಗಳಿಂದಲೇ ಅವರಿಗೆ ಹೇಳಿಸಿ; ಆ ಕತೆಯಲ್ಲಿ ಕಲ್ಲು ನಿಂತುದು ಕದ್ದವನಿಗಲ್ಲ, ಮರಳಿ ತಂದವನಿಗೆ.

ಬರವಣಿಗೆಯ ವಿಷಯ: ಇಂದಿನ ಬರಹದಲ್ಲಿ 'ತುರು' ಎಂದು ಬರೆದರೆ ಸಾಕು, ತಪ್ಪಿಲ್ಲ. ಹಳಗನ್ನಡದ ಪದ್ಯವನ್ನೋ ಶಾಸನವನ್ನೋ ಎತ್ತಿ ಬರೆಯುವಾಗ ಮೂಲದಲ್ಲಿ ಱಕಾರವಿದ್ದರೆ ಅದನ್ನು ಉಳಿಸಿಕೊಳ್ಳಬೇಕು. ಪರೀಕ್ಷೆಯಲ್ಲಿ ಹಸುವಿಗೆ ಸಮಾನಾರ್ಥಕ ಪದ ಕೇಳಿದರೆ ಮಗಳು ಧೈರ್ಯವಾಗಿ ತುರು ಎಂದು ಬರೆಯಬಹುದು. ಕನ್ನಡ ಬಲ್ಲ ಯಾವ ಪರೀಕ್ಷಕರೂ ಅಂಕ ಕಳೆಯುವುದಿಲ್ಲ. ಟಿಪ್ಪಣಿಯಲ್ಲಿ ಹೊಡೆದುಹಾಕಿದ ಮಾತನ್ನು ಅವಳ ಕೈಯಿಂದಲೇ ಮತ್ತೆ ಬರೆಸಬೇಕೆಂದು ತಂದೆಯವರಲ್ಲಿ ನನ್ನ ಬಿನ್ನಹ. 'ಹಸು'ವನ್ನು ಅಳಿಸುವುದು ಬೇಡ. ಅದರ ಪಕ್ಕದಲ್ಲಿಯೇ ಇರಲಿ.

ಪತ್ರದ ಕೊನೆಯಲ್ಲಿ ಅದೇ ಹುಡುಗಿ ತನ್ನ ಕೈಬರಹದಲ್ಲಿ ಇನ್ನೊಂದು ಪ್ರಶ್ನೆಯನ್ನು ಸೇರಿಸಿದ್ದಾಳೆ: 'ಅಜ್ಜಿ ಕಟ್ಟಿಕೊಳ್ಳುವ ತುರುಬಿಗೂ ತುರುವಿಗೂ ಸಂಬಂಧವಿದೆಯೆ?' ಇಲ್ಲವಮ್ಮ. ತುರುಬಿನ ನೆಂಟಸ್ತಿಕೆ ಒತ್ತಾಗಿ ಸೇರಿಸುವುದು, ತುಂಬುವುದು ಎಂಬ ಅರ್ಥದ 'ತುರುಕು' ಮುಂತಾದ ಮಾತುಗಳ ಕಡೆಗಿದೆ. ಅಜ್ಜಿಯ ತಲೆಯ ಮೇಲೆ ಹಸುವಿಲ್ಲ.